ಗಣಪನಿಗೆ ಬೆಲ್ಟು, ಮಗುವಿಗೆ ತೊಡೆ

ಗೌರಿ ಹಬ್ಬದ ಸಂಜೆ ಗಿರೀಶ ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಗಣಪನ ಮೂರ್ತಿ ತರಲು ಪೇಟೆಗೆ ಹೋದ. ಜೊತೆಗೆ ಹೆಂಡತಿ ಶಶಿಕಲಾ, ಮೂರು ವರ್ಷದ ಮಗಳು ಚಿನ್ಮಯಿ, ಅಪ್ಪ ತಿಮ್ಮರಾಯಪ್ಪ.

ಮೂರ್ತಿ ಕೊಂಡದ್ದಾಯಿತು. ಮೊಳದುದ್ದದ ಮಣ್ಣಿನ ಗಣಪ. ಗಿರೀಶ ಹಿಂದಿನ ಬಾಗಿಲು ತೆಗೆದ. ಮಗುವನ್ನು, ಮಕ್ಕಳಿಗೆಂದೇ ಕಾರಿನ ಸೀಟಿನ ಮೇಲೆ ಬಿಗಿಯುವ ಪುಟ್ಟ ಸೀಟಿನಿಂದ ಎತ್ತಿ ಹೆಂಡತಿಯ ಕೈಗೆ ಕೊಟ್ಟ. ಆ ಸೀಟು ತಂದ ದಿನದಿಂದಲೂ ಅಲ್ಲಾಡುತ್ತಿತ್ತು. ಬಿಗಿ ಮಾಡು ಅಂತ ಮಗನಿಗೆ ಹೇಳಿ ಹೇಳಿ ತಿಮ್ಮರಾಯಪ್ಪನಿಗೆ ಸಾಕಾಗಿತ್ತು. ಇವತ್ತು ಗಿರೀಶ ಅದರ ಮೇಲೆ ಮಂಡಿ ಊರಿದ. ಮೈಭಾರ ಬಿಟ್ಟು ಕಾರಿನ ಬೆಲ್ಟನ್ನು ಎಳೆದು ಬಿಗಿದ. ಸೀಟು ಕದಲಲಿಲ್ಲ. ಆಮೇಲೆ ಗಣಪನನ್ನು ಕೂರಿಸಿ, ಭುಜದ ಪಟ್ಟಿ ಎರಡನ್ನೂ ಹಾಕಿದ.

"ಹಬ್ಬದಲ್ಲಿ ಮೂರ್ತಿ ಭಿನ್ನ ಆಗಬಾರದು ನೋಡಿ," ಅಂದ.

ತಿಮ್ಮರಾಯಪ್ಪನಿಗೆ ಮೈ ಉರಿಯಿತು.

"ಬಿಗಿಯೋಕೆ ನಿನಗೆ ಬರ್ತಿತ್ತು ಅನ್ನು. ಮಗಳಿಗೆ ಯಾಕೋ ಬಿಗೀಲಿಲ್ಲ?"

"ಇಲ್ಲೇ ಹತ್ರ ಅಲ್ವಾ ಅಪ್ಪ."

"ನಿಮ್ಮಮ್ಮನೂ ಇಲ್ಲೇ ಹತ್ರ ಅಂತಲೇ ಬೆಲ್ಟು ಹಾಕ್ಲಿಲ್ಲ. ಎಲ್ಲಿದ್ದಾಳೆ, ತೋರ್ಸು."

ಶಶಿಕಲಾ ನಡುವೆ ಬಾಯಿ ಹಾಕಿದಳು.

"ಬಿಡಿ ಮಾವ. ಚಿನ್ನೂನ ನನ್ನ ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೋತೀನಿ."

"ಗಟ್ಟಿಯಾಗಿ ಹಿಡ್ಕೊಂಡ್ರೆ ಸಾಕಾ? ಹಂಗಾದ್ರೆ ಗಣಪನ್ನ ನಾನು ಹಿಡ್ಕೋತೀನಿ. ಮಗೂನ ಅದರ ಜಾಗದಲ್ಲಿ ಕೂರ್ಸು. ಇಲ್ಲಾಂದ್ರೆ ಈ ಕಾರು ಹೊರಡಲ್ಲ."

ತಿಮ್ಮರಾಯಪ್ಪ ಹೋಗಿ ಕಾರಿನ ಮುಂದೆ ನಿಂತೇಬಿಟ್ಟ. ಹಿಂದಿನ ಗಾಡಿಗಳು ಹಾರನ್ ಹೊಡೆದವು. "ಏನ್ ಯಜಮಾನ್ರೇ, ರೋಡು ನಿಮ್ದಾ?" ಅಂತ ಒಬ್ಬ ಕೂಗಿದ. ಮುದುಕ ಜಗ್ಗಲಿಲ್ಲ. ಗಿರೀಶ ಗೊಣಗುತ್ತಾ ಗಣಪನನ್ನು ಇಳಿಸಿ, ಆ ಸೀಟಿನಲ್ಲಿ ಮಗುವನ್ನು ಕೂರಿಸಿ ಪಟ್ಟಿ ಬಿಗಿದ. ಶಶಿಕಲಾ ಮುಂದೆ ಕೂತಳು. ತಿಮ್ಮರಾಯಪ್ಪ ಹಿಂದೆ ಮಗುವಿನ ಪಕ್ಕದಲ್ಲಿ ಕೂತ. ತನ್ನ ಬೆಲ್ಟು ಹಾಕಿಕೊಂಡ. ಗಣಪನನ್ನು ತೊಡೆಯ ಮೇಲಿಟ್ಟು ಎರಡೂ ತೋಳಲ್ಲಿ ತಬ್ಬಿ ಹಿಡಿದ.

ಮನೆಯ ತಿರುವಿನಲ್ಲಿ ಬೈಕೊಂದು ಅಡ್ಡ ನುಗ್ಗಿತು. ಗಿರೀಶ ಬ್ರೇಕ್ ಒತ್ತಿದ. ಗಣಪ ಮುದುಕನ ಕೈಯಿಂದ ಹಾರಿ, ಮುಂದಿನ ಸೀಟಿಗೆ ಬಡಿದು, ಕೆಳಗೆ ಬಿದ್ದು ಚೂರಾದ. ಚಿನ್ಮಯಿ ಮುಂದಕ್ಕೆ ವಾಲಿದಳು. ಪಟ್ಟಿ ಹಿಡಿದು ನಿಲ್ಲಿಸಿತು. ಹೆದರಿ ಅತ್ತಳು, ಅಷ್ಟೇ.

"ಅಯ್ಯೋ, ಮೂರ್ತಿ!" ಅಂದ ಗಿರೀಶ.

ಶಶಿಕಲಾ ಹಿಂದಕ್ಕೆ ತಿರುಗಿ ಚೂರುಗಳನ್ನು ನೋಡಿದಳು. ಆಮೇಲೆ ತನ್ನ ಖಾಲಿ ತೊಡೆಯನ್ನು ನೋಡಿಕೊಂಡಳು.

"ಮೂರ್ತಿ ಅಂತೀಯಲ್ಲೋ!" ತಿಮ್ಮರಾಯಪ್ಪ ರೇಗಿದ. "ಗಟ್ಟಿಯಾಗೇ ಹಿಡ್ದಿದ್ದೆ. ನಿಲ್ಲಲಿಲ್ಲ. ಇನ್ನೊಂದು ಗಣಪನ್ನ ಈಗಲೇ ಹೋಗಿ ತರ್ತೀನಿ. ಇನ್ನೊಂದು ಚಿನ್ನೂನ ಯಾವ ಅಂಗಡೀಲಿ ತರ್ಲಿ, ಹೇಳು?"

ನೀತಿ: ಬ್ರೇಕ್ ಬಿದ್ದಾಗ ಹೆತ್ತವರ ತೋಳೂ ಸಾಲದು. ಮಗುವಿನ ಸೀಟನ್ನು ಕದಲದಂತೆ ಬಿಗಿಯಿರಿ, ಮಗುವನ್ನು ಅದರಲ್ಲೇ ಕೂರಿಸಿ ಪಟ್ಟಿ ಹಾಕಿ, ಹತ್ತಿರದ ದಾರಿಗೂ ಹಾಕಿ. ಸಾಮಾನಿಗೆ ತೋರುವ ಜೋಪಾನವನ್ನು ಮಗುವಿಗೆ ತೋರದವರು ತಮಗೆ ಅದರ ಮೇಲೆ ಪ್ರೀತಿಯಿದೆ ಅನ್ನಬಾರದು.