ದಪ್ಪ ಎಲೆಯ ಗಿಡ ನೆಲಕ್ಕೆ ಕೂತಿದ್ದು

ಭೂಮಿ ಇನ್ನೂ ಹೊಸದು ಮಗಾ. ಹೆಂಚಿನಿಂದ ಈಗ ತಾನೆ ಇಳಿಸಿದ ರೊಟ್ಟಿ ಹಾಗೆ ಬೆಚ್ಚಗಿತ್ತು. ಬಂಡೆಗಳು ಪೂರ್ತಿ ಗಟ್ಟಿಯಾಗಿರಲಿಲ್ಲ. ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಗಾಳಿಗೆ ಯಾವ ಕಡೆ ಬೀಸಬೇಕು ಅಂತ ಗೊತ್ತಿರಲಿಲ್ಲ. ಎಲ್ಲರನ್ನೂ ಕೇಳಿಕೊಂಡು ತಿರುಗುತ್ತಿತ್ತು.

ಈಗ ನರ್ಸರಿಯವರು ಸಕ್ಯುಲೆಂಟ್ ಅಂತ ಮಾರುತ್ತಾರಲ್ಲ, ಹೂವಿನ ಹಾಗೆ ಎಲೆ ಸುತ್ತಿಕೊಂಡು ನೆಲಕ್ಕೆ ಅಂಟಿ ಕೂತಿರೋ ಗಿಡ, ಅದು ಆಗ ಹೀಗಿರಲಿಲ್ಲ. ಸೊಂಟದೆತ್ತರ ನಿಂತಿರೋದು. ಎಲೆ ವೀಳ್ಯದೆಲೆಯಷ್ಟು ತೆಳು. ಗಾಳಿ ಬಂದರೆ ಕುಣಿಯೋದು.

ಒಂದು ಕಲ್ಲುಬೆಟ್ಟ. ಬೆಟ್ಟದ ಮೇಲೆ ಏಳು ಮನೆ. ಮೇಲೆ ಎಲ್ಲೂ ನೀರಿಲ್ಲ. ನೀರು ಕೆಳಗೆ ಹಳ್ಳದಲ್ಲಿ. ಏಳು ಮನೆಗೂ ನೀರು ಹೊರೋನು ಕಾಟಯ್ಯ. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಎರಡು ಕೊಡ. ಇಳಿಯೋದು, ತುಂಬೋದು, ಹತ್ತೋದು. ಆರು ಮನೆಗೆ ಹಾಕಿ ಕೊನೆಗೆ ತನ್ನ ಮನೆಗೆ ಬರೋನು.

ಕಾಟಯ್ಯನಿಗೆ ಮಾತು ಕಡಿಮೆ.

ಬಾಗಿಲ ಮುಂದೆ ಕೊಡ ಇಳಿಸಿ, “ನೀರು ತಂದಿವ್ನಿ,” ಅನ್ನೋನು.

“ಕಣ್ಣಿಲ್ವಾ ನಂಗೆ,” ಅನ್ನೋಳು ಹೆಂಡತಿ ಸಿರಿಯವ್ವ.

ಎಷ್ಟೋ ವರ್ಷ ಅಷ್ಟೇ ಮಾತು. ಇಬ್ಬರಿಗೂ ಅದು ಸಾಕಾಗಿತ್ತು.

ಸಿರಿಯವ್ವನ ಬಾಗಿಲ ಪಕ್ಕ ಆ ಗಿಡ ಇತ್ತು. ಅವಳೇ ನೆಟ್ಟಿದ್ದು, ಅವಳೇ ನೋಡಿಕೊಳ್ಳೋದು. ಯಾವಾಗ ನೀರು ಹಾಕುತ್ತಾಳೆ, ಎಷ್ಟು ಹಾಕುತ್ತಾಳೆ, ಕಾಟಯ್ಯ ಒಂದು ದಿನವೂ ನೋಡಿರಲಿಲ್ಲ. ಅವನು ಆ ಹೊತ್ತಿಗೆ ಹಳ್ಳದಲ್ಲಿ ಇರೋನು. ಮಾರನೇ ದಿನ ಬಂದು ನೋಡಿದರೆ ಕೊಡ ಖಾಲಿ, ಗಿಡ ಹಸಿರು. ಓಹೋ, ನನ್ನ ನೀರನ್ನೆಲ್ಲ ಇದೇ ಕುಡಿಯುತ್ತೆ ಅಂದುಕೊಂಡ. ಅವಳನ್ನ ಕೇಳಲಿಲ್ಲ. ಕೇಳಬೇಕಾಗಿತ್ತು. ಕೇಳೋಕೆ ಇನ್ನೂ ದಿನ ಇದೆ ಅಂತಲೇ ಎಲ್ಲರಿಗೂ ಅನ್ನಿಸುತ್ತೆ.

ಒಂದು ಮಾಗಿಯಲ್ಲಿ ಸಿರಿಯವ್ವನಿಗೆ ಜ್ವರ ಬಂತು. ನಾಲ್ಕು ದಿನ ಇತ್ತು. ಐದನೇ ದಿನ ಅವಳು ಕಣ್ಣು ಬಿಟ್ಟು, “ಆ ಗಿಡ ನೋಡ್ಕೊ,” ಅಂದಳು. ಕಾಟಯ್ಯ “ಹ್ಞೂಂ” ಅಂದ. ಹೇಗೆ ನೋಡಿಕೊಳ್ಳೋದು ಅಂತ ಅವಳು ಹೇಳಲಿಲ್ಲ. ಹೇಳೋಷ್ಟು ಉಸಿರು ಇರಲಿಲ್ಲ.

ಆ ಬೆಟ್ಟದಲ್ಲಿ ಅದಕ್ಕೆ ಮುಂಚೆ ಯಾರೂ ಸತ್ತಿರಲಿಲ್ಲ. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಏಳು ಮನೆಯವರೂ ನಿಂತುಕೊಂಡರು.

“ನನಗೆ ಕೊಡಿ,” ಅಂತು ಭೂಮಿ.

ಕೊಟ್ಟರು.

“ಮೂರನೇ ದಿನ ಅವಳ ಮಣ್ಣಿನ ಗುಡ್ಡೆ ಮೇಲೆ ಹಾಲು ತುಪ್ಪ ಬಿಡಿ,” ಅಂತು ಕಾಗೆ. “ಎಡೆ ಇಡಿ. ನಾನು ತಿಂದು ಅವಳಿಗೆ ಮುಟ್ಟಿಸ್ತೀನಿ. ಆಮೇಲೆ ತಿರುಗಿ ನೋಡದೆ ಹೋಗಿ ಒಲೆ ಹಚ್ಚಿ.”

“ಮೂರೇ ದಿನ ಯಾಕೆ?” ಅಂದ ಕಾಟಯ್ಯ.

“ನಾಲ್ಕನೇ ದಿನ ಹೊಟ್ಟೆ ಕೇಳುತ್ತೆ,” ಅಂತು ಕಾಗೆ.

ಕಾಟಯ್ಯ ಬಾಗಿಲ ಪಕ್ಕದ ಗಿಡ ಕಿತ್ತು ತಂದು ಗುಡ್ಡೆಯ ತಲೆ ಕಡೆ ನೆಟ್ಟ. ಮೂರನೇ ದಿನ ಹಾಲು ಬಿಟ್ಟ, ತುಪ್ಪ ಬಿಟ್ಟ, ಎಡೆ ಇಟ್ಟ. ಕಾಗೆ ಬಂದು ತಿಂತು. ಎಲ್ಲರೂ ತಿರುಗಿ ನೋಡದೆ ಹೊರಟರು. ಕಾಟಯ್ಯ ಹತ್ತು ಹೆಜ್ಜೆ ಹೋದ. ಹನ್ನೊಂದನೇ ಹೆಜ್ಜೆಗೆ ತಿರುಗಿ ನೋಡಿದ. ಹಾಲು ಕುಡಿದ ಹಸಿ ಮಣ್ಣಲ್ಲಿ ಗಿಡ ಒಂದೇ ನಿಂತಿತ್ತು.

ನಾಲ್ಕನೇ ದಿನ ಅವನು ಎರಡು ಕೊಡ ಹೊತ್ತು ಗುಡ್ಡೆ ಹತ್ತಿರ ಬಂದ.

“ಏನಯ್ಯಾ, ಹಾಲು ತುಪ್ಪ ಮುಗೀತಲ್ಲ,” ಅಂತು ಕಾಗೆ.

“ಇದು ನೀರು.”

“ನಂಗೇನಾದ್ರೂ ತಂದಿದ್ಯಾ?”

“ಇಲ್ಲ.”

“ಹಂಗಾದ್ರೆ ನಾನ್ಯಾಕೆ ಮಾತಾಡ್ಲಿ,” ಅಂತ ಕಾಗೆ ಹಾರಿಹೋಯಿತು.

ಕಾಟಯ್ಯ ಕೊಡ ಇಳಿಸಿದ. “ನೀರು ತಂದಿವ್ನಿ,” ಅಂದ. ಸ್ವಲ್ಪ ಹೊತ್ತು ಕಾದ. ಆಮೇಲೆ ಎರಡು ಕೊಡವನ್ನೂ ಗಿಡದ ಬುಡಕ್ಕೆ ಸುರಿದ.

ಗಿಡಕ್ಕೆ ಅಷ್ಟು ನೀರು ಬೇಕಾಗಿರಲಿಲ್ಲ. ಬೇಡ ಅನ್ನೋಣ ಅಂತ ತಲೆ ಎತ್ತಿತು. ಅವನ ಮುಖ ನೋಡಿತು. ಇವನಿಗೆ ಬೇಡ ಅಂದರೆ ನಾಳೆ ಯಾತಕ್ಕೆ ಏಳ್ತಾನೆ ಅಂತ ಯೋಚಿಸಿತು. ಕುಡಿದುಬಿಟ್ಟಿತು.

ಐದನೇ ದಿನ ಎರಡು ಕೊಡ. ಕುಡಿಯಿತು. ಆರನೇ ದಿನ ಎರಡು ಕೊಡ. ಕುಡಿಯಿತು.

ಮನೆಯಲ್ಲಿ ಈಗ ಒಂದೇ ತಟ್ಟೆ. ಒಂದು ತಟ್ಟೆ ತೊಳೆಯೋಕೆ ಎಷ್ಟು ಹೊತ್ತು ಬೇಕು. ಉಳಿದ ಹೊತ್ತು ಹಾಗೇ ಉಳಿದಿರೋದು. ಕಾಟಯ್ಯ ಅಡ್ಡೆ ಹೊತ್ತು ಮತ್ತೆ ಇಳಿಯೋನು.

“ಇವತ್ತು ಎಷ್ಟನೇ ಸಲ ಇದು?” ಅಂತು ಹಳ್ಳ.

ಕಾಟಯ್ಯ ಕೊಡ ಮುಳುಗಿಸಿದ.

“ತುಂಬ್ಕೊಳಪ್ಪ,” ಅಂತು ಹಳ್ಳ. “ನಾನು ಹರಿಯೋಳು. ಬೇಡ ಅನ್ನೋಕೆ ನಿಲ್ಲೋದು ನಂಗೆ ಬರಲ್ಲ.”

ಗಿಡಕ್ಕೆ ನೀರು ಎಲ್ಲಿ ಇಡಬೇಕು ಅಂತ ತಿಳಿಯಲಿಲ್ಲ. ಕಾಂಡದಲ್ಲಿ ಇಟ್ಟಿತು. ಕಾಂಡ ತುಂಬಿತು. ಎಲೆಯಲ್ಲಿ ಇಟ್ಟಿತು. ವೀಳ್ಯದೆಲೆ ಹಾಗಿದ್ದ ಎಲೆ ನಾಲಿಗೆಯಷ್ಟು ದಪ್ಪ ಆಯಿತು. ಆಮೇಲೆ ಹೆಬ್ಬೆರಳಷ್ಟು ದಪ್ಪ ಆಯಿತು.

ಗಾಳಿ ಕುಣಿಸೋಕೆ ಬಂತು. ಗಿಡ ಅಲ್ಲಾಡಲಿಲ್ಲ.

“ಏನೇ ಇದು, ತುಂಬಿದ ಬಸುರಿ ಹಂಗೆ ಆಗಿದ್ದೀಯ,” ಅಂತು ಗಾಳಿ.

“ಬಸುರಲ್ಲ. ಅವನ ನೀರು. ಇಟ್ಕೊಂಡಿದ್ದೀನಿ.”

“ಚೆಲ್ಲಬಾರ್ದಾ?”

“ಚೆಲ್ಲಿದ್ರೆ ಅವನಿಗೆ ಕಾಣುತ್ತೆ.”

ಗಾಳಿ ಬೇರೆ ಬೆಟ್ಟಕ್ಕೆ ಹೋಯಿತು.

ಒಂದು ಮಧ್ಯಾಹ್ನ ಕಾಂಡಕ್ಕೆ ಭಾರ ತಡೆಯಲಿಲ್ಲ. ಗಿಡ ಮೆಲ್ಲಗೆ ನೆಲಕ್ಕೆ ಕೂತಿತು. ಕೂರುವಾಗ ಒಂದು ಎಲೆ ಕಳಚಿ ದೂರ ಬಂಡೆ ಮೇಲೆ ಬಿತ್ತು. ಉಳಿದ ಎಲೆಗಳನ್ನ ಗಿಡ ಸುತ್ತಲೂ ಒತ್ತಿ ಒತ್ತಿ ಸೇರಿಸಿಕೊಂಡಿತು, ಸೆರಗಿನಲ್ಲಿ ಕಾಳು ಕಟ್ಟಿಕೊಂಡ ಹಾಗೆ. ಒಂದು ತೊಟ್ಟು ನೀರೂ ಹೊರಗೆ ಬರದ ಹಾಗೆ.

ಕಾಟಯ್ಯ ಬಂದು ನೋಡಿದ. ಕೂತುಬಿಟ್ಟಿದೆ, ಬಾಯಾರಿಕೆ ಇರಬೇಕು ಅಂದುಕೊಂಡ. ಆವತ್ತಿನಿಂದ ನಾಲ್ಕು ಕೊಡ ಹಾಕಿದ. ಆರು ಮನೆಗೆ ಹೋಗೋ ನೀರೂ ಗುಡ್ಡೆಗೇ ಬಂತು.

ಪಕ್ಕದ ಮನೆ ಮುದುಕಿ ಗಿಡ್ಡವ್ವ ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಬಂದಳು. ನೀರು ಕೇಳೋಕೇ ಬಂದದ್ದು. ಗಿಡ ನೋಡಿ ಕುಕ್ಕರುಗಾಲಲ್ಲಿ ಕೂತು ಒಂದು ಎಲೆ ಚಿವುಟಿದಳು.

“ಇದು ಮೆತ್ತಗಾಗೈತಲ್ಲೋ ಕಾಟಯ್ಯ.”

“ಮೆತ್ತಗಾದ್ರೆ ನೀರು ಬೇಕು ಅಂತ.”

“ಒಣಗಿ ಮೆತ್ತಗಾದ್ರೆ ಸುಕ್ಕು ಬೀಳುತ್ತೆ ಕಣೋ. ನನ್ನ ಕೆನ್ನೆ ನೋಡು. ಇದು ಬೆಂದ ಈರುಳ್ಳಿ ಹಂಗೆ ಹೊಳೀತೈತೆ. ಕೊಳೀತಾ ಐತೆ.”

“ಸಿರಿ ದಿನಾ ಹಾಕ್ತಿದ್ಲು.”

“ಯಾರಂದ್ರು ನಿಂಗೆ? ಎಂಟು ದಿನಕ್ಕೊಂದು ಚೆಂಬು. ಅದೂ ಎಲೆ ಚಿವುಟಿ ನೋಡಿ.”

ಕಾಟಯ್ಯ ಕೊಡ ಕೆಳಗಿಟ್ಟ. “ಮತ್ತೆ ನಾನು ತಂದ ನೀರು?”

“ನಿನ್ನ ನೀರು? ನನ್ನ ಹಸು ಕುಡೀತು. ಕೊನೇ ಮನೆ ಬಾಣಂತಿ ಮಿಂದ್ಲು. ಉಳಿದ್ರೆ ಗುಬ್ಬಿಗೆ ಇಡ್ತಿದ್ಲು. ಅಷ್ಟು ದೂರದಿಂದ ಹೊತ್ತು ತಂದೋನು, ಬೇಡ ಅಂದ್ರೆ ಮುಖ ಸಣ್ಣ ಮಾಡ್ಕೋತಾನೆ ಅಂತಿದ್ಲು.”

ಕಾಟಯ್ಯ ಮತ್ತೆ ಕೊಡ ಎತ್ತಿಕೊಂಡ.

“ಅವಳನ್ನ ಜ್ವರ ಕರ್ಕೊಂಡು ಹೋಯ್ತು,” ಅಂದಳು ಗಿಡ್ಡವ್ವ. “ಇದನ್ನ ನೀನು ಕಳಿಸ್ತಾ ಇದ್ದೀಯ.”

“ನಿನ್ನ ಕೊಡಕ್ಕೆ ನೀರು ಬೇಕು. ಅದಕ್ಕೆ ಹಿಂಗಂತೀಯ.”

“ಬೇಕು. ಅದೂ ನಿಜ,” ಅಂದು ಗಿಡ್ಡವ್ವ ಖಾಲಿ ಕೊಡ ಎತ್ತಿಕೊಂಡು ಹೋದಳು.

ಅವಳು ಮರೆಯಾಗೋ ತನಕ ಕಾಟಯ್ಯ ನಿಂತಿದ್ದ. ಆಮೇಲೆ ನಾಲ್ಕು ಕೊಡವನ್ನೂ ಸುರಿದ. ಐದನೇದು ತರೋಕೆ ಇಳಿದ.

ಬೆಳಿಗ್ಗೆ ಬಂದು ಗಿಡ ಮುಟ್ಟಿದ. ಒಂದು ಎಲೆ ಕೈಗೆ ಬಂತು. ಇನ್ನೊಂದು ಮುಟ್ಟಿದ, ಅದೂ ಬಂತು. ಎಳೆಯಲೇ ಇಲ್ಲ, ಬರೀ ಮುಟ್ಟಿದ್ದು. ಎಲ್ಲ ಎಲೆಯೂ ಸದ್ದಿಲ್ಲದೆ ಬಂದವು. ನಡುವೆ ಕರ್ರಗಿತ್ತು. ಬೇರು ಇರಲಿಲ್ಲ, ಬೇರಿನ ಜಾಗದಲ್ಲಿ ವಾಸನೆ ಇತ್ತು.

ಕಾಟಯ್ಯ ಕೆಸರಲ್ಲಿ ಕೂತ.

“ಯಾಕೆ ಹೇಳ್ಲಿಲ್ಲ?” ಅಂದ.

“ಹೇಳಿದ್ರೆ ನೀನು ಏಳ್ತಿರ್ಲಿಲ್ಲ,” ಅಂತು ಗಿಡ. ಅಷ್ಟೇ ಅಂತು. ಹೋಯಿತು.

ಮಧ್ಯಾಹ್ನ ಆಯಿತು. ಕಾಟಯ್ಯ ಏಳಲಿಲ್ಲ. ಸಿರಿಯವ್ವ ನೋಡ್ಕೊ ಅಂದಿದ್ದಳು. ಒಂದೇ ಒಂದು ಕೇಳಿದ್ದಳು.

“ಬಿಸಿಲು ಜಾಸ್ತಿ ಆಯ್ತು. ಆ ಕಡೆ ನೆರಳಿಗೆ ಇಡ್ತೀಯಾ?” ಅಂತ ಒಂದು ಸಣ್ಣ ದನಿ ಬಂತು.

ಗಿಡ ಕೂತ ದಿನ ಬಂಡೆ ಮೇಲೆ ಬಿದ್ದ ಎಲೆ. ಅದಕ್ಕೆ ನೀರು ಮುಟ್ಟಿರಲಿಲ್ಲ. ಯಾರೂ ನೋಡಿಯೂ ಇರಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಕಾಟಯ್ಯ ಎದ್ದು ಕೊಡಕ್ಕೆ ಕೈ ಹಾಕಿದ.

“ನೀರು ಬೇಡ,” ಅಂತು ಎಲೆ.

“ಮಣ್ಣಲ್ಲಿ ಹೂಳ್ಲಾ?”

“ಹೂಳಿದ್ದು ಸಾಕು. ಒಣ ಮರಳ ಮೇಲೆ ಮಲಗಿಸು. ಎಳೆ ಬಿಸಿಲು ಬೀಳ್ಲಿ.”

“ನಾನೇನು ಮಾಡ್ಲಿ?”

“ಸುಮ್ನೆ ಕೂತ್ಕೊ.”

“ಅದು ಕಷ್ಟ.”

“ಗೊತ್ತು,” ಅಂತು ಎಲೆ.

ಮಲಗಿಸಿದ. ಕೂತ. ಎಂಟು ದಿನಕ್ಕೆ ಎಲೆಯ ತುದಿ ಕೆಂಪಾಯಿತು. ಹದಿನೈದು ದಿನಕ್ಕೆ ಸುಕ್ಕು ಬಿತ್ತು. ಕಾಟಯ್ಯನ ಕೈ ತಾನಾಗಿ ಕೊಡಕ್ಕೆ ಹೋಗುತ್ತಿತ್ತು. ಒಂದು ದಿನ ಬೊಗಸೆ ತುಂಬ ನೀರು ಹಿಡಿದು ಎಲೆಯ ಮೇಲೆ ಬಗ್ಗಿದ. ಹಾಗೇ ನಿಂತ. ನೀರು ಬೆರಳ ಸಂದಿಯಲ್ಲಿ ಸೋರಿ ಅವನ ಕಾಲ ಮೇಲೆ ಬಿತ್ತು. ಉಳಿದದ್ದರಲ್ಲಿ ಮುಖ ತೊಳೆದುಕೊಂಡ. ಒಂದು ತಿಂಗಳಿಂದ ತೊಳೆದಿರಲಿಲ್ಲ.

ಕೂತು ಕೂತು ಹೆಗಲು ತಡೆಯಲಿಲ್ಲ. ಅಡ್ಡೆ ಎತ್ತಿಕೊಂಡು ಆರು ಮನೆಗೆ ನೀರು ಹಾಕೋಕೆ ಹೋದ. ಗಿಡ್ಡವ್ವನ ಬಾಗಿಲಲ್ಲಿ ಕೊಡ ಇಳಿಸಿ, “ನೀರು ತಂದಿವ್ನಿ,” ಅಂದ. “ಇಳಿಸಪ್ಪ,” ಅಂದಳು ಗಿಡ್ಡವ್ವ. ಒಂದು ಮುದ್ದೆ ಕೊಟ್ಟಳು. ತಿಂದ. ರುಚಿ ತಿಳಿಯಲಿಲ್ಲ. ತಿಂದ.

ಎಲೆ ದಿನಾ ಸಣ್ಣ ಆಗುತ್ತಿತ್ತು. ತೊಟ್ಟಿನ ಹತ್ತಿರ ಕೂದಲಿನ ಹಾಗೆ ಒಂದು ಬೇರು ಬಂತು. ಬೇರಿನ ಪಕ್ಕ ರಾಗಿ ಕಾಳಿನಷ್ಟು ಹಸಿರು. ಬಗ್ಗಿ ನೋಡಿದರೆ ಅದರಲ್ಲಿ ಆಗಲೇ ಎಲೆಗಳಿದ್ದವು. ಆಗಲೇ ಸುತ್ತಿಕೊಂಡು ಕೂತಿದ್ದವು.

“ನನ್ನಲ್ಲಿ ಇದ್ದದ್ದು ಅದಕ್ಕೆ ಕೊಟ್ಟೆ,” ಅಂತು ಎಲೆ.

“ನೀನು?”

“ನಂದು ಆಯ್ತು.”

ಎಲೆ ಈರುಳ್ಳಿ ಸಿಪ್ಪೆ ಹಾಗೆ ಆಗಿತ್ತು. ಗಾಳಿ ಬಂದು ಎತ್ತಿಕೊಂಡು ಹೋಯಿತು. ಕಾಟಯ್ಯ ಹಿಡಿಯಲಿಲ್ಲ.

ಮರಿ ಗಿಡ ಕಣ್ಣು ಬಿಟ್ಟಿತು. “ನೀನ್ಯಾರು?” ಅಂತು.

“ನೀರು ಹೊರೋನು.”

“ನಂಗೀಗ ಬೇಡ.”

“ತಂದಿಲ್ಲ,” ಅಂದ ಕಾಟಯ್ಯ. ಆಮೇಲೆ ತಡೆದು ಕೇಳಿದ, “ಸಿರಿಯವ್ವ ಗೊತ್ತಾ ನಿಂಗೆ?”

“ಅದ್ಯಾರು?”

ಬಾಗಿಲ ಪಕ್ಕ ಕುಣಿಯುತ್ತಿದ್ದ ಗಿಡ ಅಲ್ಲ ಇದು. ಅವಳ ಕೈ ಇದನ್ನ ಮುಟ್ಟಿಲ್ಲ. ಆದರೂ ಕಾಟಯ್ಯ ನೋಡಿಕೊಂಡ. ಎಂಟು ದಿನಕ್ಕೊಮ್ಮೆ ಬಂದು ಎಲೆ ಚಿವುಟಿ ನೋಡೋನು. ಗಟ್ಟಿ ಇದ್ದರೆ ವಾಪಸ್ ಹೋಗೋನು. ಸುಕ್ಕು ಬಿದ್ದಿದ್ದರೆ ಒಂದು ಚೆಂಬು ಹಾಕೋನು. ಹಾಕಿ, ತಿರುಗಿ ನೋಡದೆ ಬೆಟ್ಟ ಇಳಿಯೋನು. ಅದು ಅಭ್ಯಾಸ ಆಗೋಕೆ ಅವನಿಗೆ ಬಹಳ ವರ್ಷ ಹಿಡಿಯಿತು.

ಅದಕ್ಕೇ ಮಗಾ, ನಿಮ್ಮ ಬಾಲ್ಕನಿಯ ಕುಂಡದಲ್ಲಿ ಆ ಗಿಡ ಇವತ್ತಿಗೂ ಎದ್ದು ನಿಲ್ಲದೆ ನೆಲಕ್ಕೆ ಕೂತೇ ಇದೆ, ಅದರಿಂದ ಉದುರಿದ ಎಲೆ ಯಾರೂ ಮುಟ್ಟದ ಮೂಲೆಯಲ್ಲಿ ತಾನು ಒಣಗಿ ಮರಿ ಮಾಡುತ್ತೆ, ಮತ್ತೆ ಯಾರಾದರೂ ಪ್ರೀತಿ ಹೆಚ್ಚಾಗಿ ದಿನಾ ನೀರು ಹಾಕಿದರೆ ಅದು ಬೇಡ ಅನ್ನದೆ ಕುಡಿದು ಕುಡಿದು, ಒಂದು ಬೆಳಿಗ್ಗೆ, ಮುಟ್ಟಿದ ಕೈಗೆ ಎಲ್ಲ ಎಲೆಯನ್ನೂ ಕೊಟ್ಟುಬಿಡುತ್ತೆ.