ಅಕ್ಷರ ತುಳಿದ ಪಾಪ

ಹಾಲಯ್ಯ ಗುರುಗಳ ಆಶ್ರಮದ ಬಂಡವಾಳ ಎಂದರೆ ನದಿಯ ತಿರುವಿನಲ್ಲಿ ಒಂದು ಗುಡಿಸಲು, ಒಂದು ಬೇವಿನ ಮರ, ಅದರ ಮುಂದೆ ಬೇಕಾದಷ್ಟು ಮರಳು. ಅಷ್ಟೇ.

ನೀರು ಇಳಿದು ಮರಳು ಅಗಲವಾದ ಕಾಲದಲ್ಲಿ ಆಚೆ ದಡದ ಊರಿನ ಹಿರಿಯರು ಹರಿಗೋಲು ಹತ್ತಿ ಬಂದರು.

“ಮಕ್ಕಳಿಗೆ ಒಂದು ಚಪ್ಪರ ಹಾಕಿದ್ದೇವೆ. ಅಕ್ಷರ ಕಲಿಸುವವರು ಬೇಕು. ಯುಗಾದಿಗೆ ಶುರುವಾಗಬೇಕು. ಆಗದಿದ್ದರೆ ಈಗಲೇ ಹೇಳಿಬಿಡಿ, ಬೇರೆ ಕಡೆ ನೋಡುತ್ತೇವೆ.”

ಗುರುಗಳ ಹಿಂದೆ ಕೂತಿದ್ದ ಶಿಷ್ಯ ವಿರೂಪಾಕ್ಷ ಬೆನ್ನು ನೆಟ್ಟಗೆ ಮಾಡಿಕೊಂಡ. ಅವನು ವ್ಯಾಕರಣವನ್ನು ಅರೆದು ಕುಡಿದವನು. ತನ್ನದೇ ಒಂದು ಶಾಲೆ ಬೇಕೆಂಬುದು ಬಿಟ್ಟರೆ ಅವನಿಗೆ ಬೇರೆ ಆಸೆಯಿರಲಿಲ್ಲ.

“ಯುಗಾದಿಗೆ ಇನ್ನೂ ಹೊತ್ತಿದೆ. ನೋಡೋಣ” ಎಂದು ಗುರುಗಳು ಅವರನ್ನು ಕಳಿಸಿಕೊಟ್ಟರು.

ಹರಿಗೋಲು ಆಚೆ ಸಾಗಿದ ಮೇಲೆ ವಿರೂಪಾಕ್ಷ ಕೈಮುಗಿದು ನಿಂತ.

“ಗುರುಗಳೇ, ನಾನು ಹೋಗಲೇ?”

“ಇಲ್ಲಿಗೆ ಸಣ್ಣ ಮಕ್ಕಳು ಬರುತ್ತವಲ್ಲ, ಮೊದಲು ಅವಕ್ಕೆ ಕಲಿಸು.”

“ಕಲಿಸಿದರೆ ಕಳಿಸುತ್ತೀರಾ?”

“ಅಂಬಿಗರ ದ್ಯಾಮಿ ಇದ್ದಾಳೆ. ಅವಳು ತಾನಾಗಿ ಬಂದು ನಿನ್ನ ಹತ್ತಿರ ಒಂದು ಅಕ್ಷರ ಕೇಳಿದ ದಿನ ಹೊರಡು.”

“ಒಂದೇ ಅಕ್ಷರವೇ?”

“ಒಂದೇ.”

ವಿರೂಪಾಕ್ಷನಿಗೆ ನಗು ಬಂತು. ಬೆಲೆ ತೀರಾ ಕಡಿಮೆ ಎನಿಸಿದಾಗ ಸರಕನ್ನು ಒಮ್ಮೆ ತಿರುಗಿಸಿ ನೋಡಬೇಕು. ಅವನು ನೋಡಲಿಲ್ಲ.

ದ್ಯಾಮಿ ಒಂದು ಕಡೆ ಕೂತದ್ದನ್ನು ಆ ದಡದಲ್ಲಿ ಯಾರೂ ಕಂಡವರಿರಲಿಲ್ಲ.

*

ಮರುದಿನ ವಿರೂಪಾಕ್ಷ ಬೇವಿನ ಮರದ ಕೆಳಗೆ ಮಕ್ಕಳನ್ನು ಸಾಲಾಗಿ ಕೂರಿಸಿದ. ಎದುರಿಗೆ ಮಣೆ, ಮಣೆಯ ಮೇಲೆ ಮರಳು.

“ಕೈ ಕಟ್ಟಿ. ಬಾಯಿ ಮುಚ್ಚಿ. ನಾನು ಬರೆದದ್ದರ ಮೇಲೆ ತಿದ್ದಿ. ಸಾಕು ಅನ್ನುವವರೆಗೆ ತಿದ್ದಿ.”

“ಅಯ್ಯಾರ, ಕೈ ಕಟ್ಟಿದ್ರ ತಿದ್ದೋದು ಹ್ಯಾಂಗ್ರಿ?” ಎಂದಳು ದ್ಯಾಮಿ.

“ಬಲಗೈ ಬಿಡು. ಉಳಿದದ್ದು ಅಲ್ಲಾಡಬಾರದು.”

“ಕಾಲು?”

“ಕಾಲು ಸುಮ್ಮನಿರಬೇಕು.”

ದ್ಯಾಮಿ ತನ್ನ ಕಾಲುಗಳನ್ನು ನೋಡಿಕೊಂಡಳು. “ಇವಕ್ಕ ಅದು ಬರಾಂಗಿಲ್ರಿ” ಎಂದಳು.

ಸ್ವಲ್ಪ ಹೊತ್ತಿನಲ್ಲಿ ಸಾಲಿನ ತುದಿಯಲ್ಲಿದ್ದ ಮಗು ತೂಕಡಿಸಿ ಮಣೆಯ ಮೇಲೆ ಬಿತ್ತು. ಪಕ್ಕದ್ದು ಮರಳನ್ನು ರುಚಿ ನೋಡಿತು. ವಿರೂಪಾಕ್ಷ ಅದರ ಬಾಯಿ ಒರೆಸಿ ತಿರುಗುವಷ್ಟರಲ್ಲಿ ದ್ಯಾಮಿಯ ಮಣೆ ಇತ್ತು, ದ್ಯಾಮಿ ಇರಲಿಲ್ಲ.

“ಎಲ್ಲಿ ಅವಳು?”

ಮಕ್ಕಳೆಲ್ಲ ಒಟ್ಟಿಗೆ ಮೇಲೆ ನೋಡಿದರು. ಕೊಂಬೆಯಿಂದ ಎರಡು ಕಾಲು ತೂಗುತ್ತಿದ್ದವು.

*

“ಕೋತಿ ಮರಿ ಗುರುಗಳೇ ಅದು. ಅಕ್ಷರ ಅದರ ಹಣೆಯಲ್ಲಿ ಬರೆದಿಲ್ಲ.”

“ಊಟಕ್ಕೆ ಏಳು” ಎಂದರು ಹಾಲಯ್ಯ.

ಆ ದಿನ ಯಾರೋ ಭಕ್ತರು ಹೋಳಿಗೆ ತಂದುಕೊಟ್ಟಿದ್ದರು. ತುಪ್ಪದ ವಾಸನೆ ಅಂಗಳದವರೆಗೂ ಬಂದಿತ್ತು. ವಿರೂಪಾಕ್ಷ ಎಲೆಗೆ ಕೈಯಿಟ್ಟ.

“ತಾಳು. ಕೈ ಕಟ್ಟು. ‘ಹೋಳಿಗೆ’ ಅನ್ನು. ನಾನು ಸಾಕು ಅನ್ನುವವರೆಗೆ ಅನ್ನು. ಆಮೇಲೆ ತಿನ್ನು.”

ಗುರುವಾಕ್ಯ. ವಿರೂಪಾಕ್ಷ ಕಣ್ಣು ಮುಚ್ಚಿ ಶುರು ಮಾಡಿದ. ಹೋಳಿಗೆ, ಹೋಳಿಗೆ, ಹೋಳಿಗೆ. ನಾಲಿಗೆ ಒಣಗಿತು, ಹೇಳುತ್ತಲೇ ಇದ್ದ. ಕೊನೆಗೂ “ಸಾಕು” ಎಂದು ಕೇಳಿತು.

ಕಣ್ಣು ಬಿಟ್ಟರೆ ಎಲೆ ಖಾಲಿ. ಗುರುಗಳು ಬೆರಳು ನೆಕ್ಕುತ್ತಿದ್ದರು.

“ಹೋಳಿಗೆ ಎಲ್ಲಿ ಗುರುಗಳೇ?”

“ಆರಿಹೋಗುತ್ತದೆ ಅಂತ ನಾನೇ ತಿಂದೆ. ಹೆಸರು ಬಾಯಿಪಾಠ ಆಯಿತಲ್ಲ, ಇನ್ನೇನು?”

ವಿರೂಪಾಕ್ಷ ಇಡೀ ಮಧ್ಯಾಹ್ನ ಯೋಚಿಸಿದ. ಹಸಿದ ಹೊಟ್ಟೆ, ಆದ್ದರಿಂದ ಯೋಚನೆ ಹೊಟ್ಟೆಯ ಕಡೆಗೇ ಹೋಯಿತು. ಓಹೋ, ಮಕ್ಕಳಿಗೆ ಸಿಹಿ ಕೊಡಬೇಕು!

ಮಾರನೆಯ ದಿನ ಒಂದು ಅಚ್ಚು ಬೆಲ್ಲ ತಂದಿಟ್ಟುಕೊಂಡ. ಅಕ್ಷರ ಹೇಳಿದವರಿಗೆ ಒಂದು ಚೂರು. ಮಕ್ಕಳು ಮುಗಿಬಿದ್ದರು. ದ್ಯಾಮಿ ಎಲ್ಲರಿಗಿಂತ ಮುಂದೆ.

ಬೆಲ್ಲ ಇದ್ದಷ್ಟು ದಿನ ಶಾಲೆ ಇತ್ತು. ಬೆಲ್ಲ ಮುಗಿದ ದಿನ ಬೇವಿನ ಮರದ ಕೆಳಗೆ ವಿರೂಪಾಕ್ಷ ಇದ್ದ, ಇರುವೆ ಇದ್ದವು.

ದ್ಯಾಮಿ ಮಾತ್ರ ಒಮ್ಮೆ ಇಣುಕಿದಳು. ಅವನ ಮುಖ ಅರಳಿತು.

“ಏನಮ್ಮ, ಏನು ಬೇಕಿತ್ತು?”

“ಬೆಲ್ಲ ಬಂತೇನ್ರಿ?”

“ಇಲ್ಲ.”

“ಹಂಗಾರ ನಾ ಆಮ್ಯಾಲೆ ಬರ್ತೀನ್ರಿ.”

ಸಂಜೆ ವಿರೂಪಾಕ್ಷ ಗುರುಗಳ ಕಾಲ ಬಳಿ ಕೂತ. “ಯುಗಾದಿ ಹತ್ತಿರ ಬಂತು. ಆ ಊರಿನವರು ಬೇರೆಯವರನ್ನು ಗೊತ್ತುಮಾಡಿಕೊಳ್ಳುತ್ತಾರೆ. ನಾನು ಎಲ್ಲಿ ತಪ್ಪಿದೆ?”

“ಸಂತೆಯಲ್ಲಿ ಕಾಳು ಅಳೆದುಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ?”

“ಹೌದು.”

“ನಿನ್ನ ಗಿರಾಕಿಗಳು ಕೊಸರು ತಿಂದು ಹೋದರು. ಸರಕು ಹಾಗೇ ಉಳಿಯಿತು.”

“ಸರಕೇ ಸರಿಯಿಲ್ಲವೇ?”

“ಸರಕು ಅಪ್ಪಟ. ಅಂಗಡಿ ತೆರೆದ ಜಾಗ ನೋಡು. ಗಿರಾಕಿ ಓಡಾಡುವ ಬೀದಿ ಒಂದು, ನೀನು ಕೂತ ಬೀದಿ ಒಂದು.”

ವಿರೂಪಾಕ್ಷನಿಗೆ ಅರ್ಥವಾಗಲಿಲ್ಲ. ಗುರುಗಳು ಬಿಡಿಸಿ ಹೇಳಲೂ ಇಲ್ಲ.

*

ಒಂದು ಬೆಳಿಗ್ಗೆ ವಿರೂಪಾಕ್ಷ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ ದಡ ಹತ್ತಿ ಬರುತ್ತಿದ್ದ. ಮಕ್ಕಳ ಕೂಗು ಕೇಳಿತು.

“ಅಜ್ಜಾರ, ಗೆರಿ ತುಳಿದ್ರಿ! ನಿಮ್ಮ ಆಟ ಹೋತು!”

“ಎಲ್ಲಿ ತುಳಿದೆನೇ? ಹೆಬ್ಬೆರಳು ಉದ್ದ ಇದೆ, ಅಷ್ಟೇ.”

“ಉದ್ದ ಇದ್ರ ಕತ್ತರಿಸ್ಕೊಂಡು ಬರ್ರಿ. ಆಟ ಅಂದ್ರ ಆಟ.”

ಮಕ್ಕಳು ಮರಳಿನ ಮೇಲೆ ಕುಂಟಾಬಿಲ್ಲೆಯ ಮನೆಗಳನ್ನು ಗೀಚಿದ್ದರು. ಹೆಂಚಿನ ಚೂರಿನ ಬಿಲ್ಲೆಯನ್ನು ಮನೆಯೊಳಗೆ ಎಸೆದು, ಒಂಟಿ ಕಾಲಿನಲ್ಲಿ ಮನೆಯಿಂದ ಮನೆಗೆ ಹಾರುವ ಆಟ. ನಡುವೆ ಹಾಲಯ್ಯ ಗುರುಗಳು ಕಚ್ಚೆ ಬಿಗಿದು, ಒಂದು ಕಾಲು ಮಡಚಿ, ಬಿಳಿಗಡ್ಡ ಅಲ್ಲಾಡಿಸುತ್ತ ಕುಂಟುತ್ತಿದ್ದರು. ದ್ಯಾಮಿ ಸೊಂಟದ ಮೇಲೆ ಕೈಯಿಟ್ಟು ನ್ಯಾಯ ಹೇಳುತ್ತಿದ್ದಳು.

ವಿರೂಪಾಕ್ಷ ಮುಗುಳ್ನಕ್ಕು ಹತ್ತಿರ ಬಂದ. ಮನೆಗಳನ್ನು ನೋಡಿದ. ನಗು ಅಲ್ಲೇ ನಿಂತಿತು.

ಒಂದೊಂದು ಮನೆಯಲ್ಲೂ ಒಂದೊಂದು ಅಕ್ಷರವಿತ್ತು. ದುಂಡಾದ, ಅಂದವಾದ ಅಕ್ಷರ. ಗುರುಗಳ ಕೈಬರಹವೇ.

“ಗುರುಗಳೇ! ಅಕ್ಷರ! ಕಾಲ ಕೆಳಗೆ!”

“ಹೌದಪ್ಪ. ಕೈಯಲ್ಲಿ ಬಿಲ್ಲೆ ಇದೆ, ಇನ್ನೆಲ್ಲಿ ಇಡಲಿ?”

“ಸರಸ್ವತಿಯನ್ನು ತುಳಿಯುತ್ತಿದ್ದೀರಿ. ಓಲೆಗೆ ಕಾಲು ತಗುಲಿದರೆ ನಾವು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಇಲ್ಲಿ ಮಕ್ಕಳು ಕುಣಿಯುತ್ತಿದ್ದಾರೆ! ಪಾಪ ಯಾರ ತಲೆಗೆ?”

ಹಾಲಯ್ಯ ಎತ್ತಿದ ಕಾಲನ್ನು ಕೆಳಗಿಟ್ಟು ಏದುಸಿರು ಬಿಟ್ಟರು. “ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮೊದಲು ಏನು ಮಾಡುತ್ತೀ?”

“ಭೂಮಿತಾಯಿಯ ಕ್ಷಮೆ ಕೇಳುತ್ತೇನೆ.”

“ಕೇಳಿ?”

“ಕಾಲಿಡುತ್ತೇನೆ.”

“ಆಕೆ ಎಂದಾದರೂ ಮುನಿಸಿಕೊಂಡಳೇ?”

“ಇಲ್ಲ.”

“ಹಾಗಾದರೆ ಇವರೂ ಕ್ಷಮೆ ಕೇಳಲಿ. ಏ ಮಕ್ಕಳೇ, ತಪ್ಪಾಯಿತು ಅನ್ನಿ.”

“ತಪ್ಪಾತು!” ಎಂದು ಮಕ್ಕಳು ಒಕ್ಕೊರಲಿಂದ ಕಿರುಚಿ ಬಿಲ್ಲೆ ಎತ್ತಿಕೊಂಡರು.

ವಿರೂಪಾಕ್ಷನಿಗೆ ರೇಗಿತು. “ಇದೆಂಥ ಕ್ಷಮೆ ಗುರುಗಳೇ? ಸಂತೆಯಲ್ಲಿ ಒಬ್ಬನ ಕಾಲು ತುಳಿದು ಊರಿಗೆಲ್ಲ ಕೈಮುಗಿದ ಹಾಗೆ! ತುಳಿದದ್ದು ಯಾರನ್ನೋ ಅವರ ಹೆಸರು ಹಿಡಿದು ಕೇಳಬೇಕು.”

ಹಾಲಯ್ಯ ಹಣೆ ಮುಟ್ಟಿಕೊಂಡರು. “ಅರೆ, ಹೌದಲ್ಲ! ನನಗೆ ಹೊಳೆಯಲೇ ಇಲ್ಲ ನೋಡು. ಆದರೆ ಹೆಸರು ಅವಕ್ಕೇನು ಗೊತ್ತು?”

“ನಾನು ಹೇಳಿಕೊಡುತ್ತೇನೆ!”

“ತಪ್ಪು ಹೆಸರು ಹೇಳಿದರೆ?”

“ಮುಂದಿನ ಮನೆಗೆ ಬಿಡುವುದಿಲ್ಲ! ಮೊದಲಿನಿಂದ ಹಾರಲಿ!”

“ಸರಿ. ನೀನೇ ನಿಂತು ನೋಡಿಕೋ. ನನಗೂ ಮೊಣಕಾಲು ನೋವು” ಎಂದು ಗುರುಗಳು ಅಕ್ಷರ ಗೀಚಿದ ಕೋಲನ್ನು ಅವನ ಕೈಗೆ ಕೊಟ್ಟು ಬಂಡೆಯ ಮೇಲೆ ಕೂತರು.

ಜಾಣ ವ್ಯಾಪಾರಿ ಬೆಲೆ ಹೇಳುವುದಿಲ್ಲ. ಕೊಳ್ಳುವವನ ಬಾಯಿಂದ ಹೇಳಿಸುತ್ತಾನೆ.

*

ವಿರೂಪಾಕ್ಷ ಗೆರೆಯ ಪಕ್ಕ ಕಾವಲು ನಿಂತ. ದ್ಯಾಮಿ ಬಿಲ್ಲೆ ಎಸೆದು ಹಾರಿದಳು.

“ನಿಲ್ಲು! ಯಾರನ್ನು ತುಳಿದೆ?”

“ನಂಗೇನು ಗೊತ್ರಿ?”

“ಅದು ಮ. ಕ್ಷಮೆ ಕೇಳು.”

ದ್ಯಾಮಿ ಒಂಟಿ ಕಾಲಿನಲ್ಲಿ ತೂಗಾಡುತ್ತಲೇ ಬಗ್ಗಿ, ಅಕ್ಷರವನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. “ಮ, ತಪ್ಪಾತು.”

“ಮುಂದೆ?”

“ಇದ್ಯಾರ್ರಿ?”

“ರ.”

“ರ, ತಪ್ಪಾತು. ಅಯ್ಯಾರ, ಬ್ಯಾಗ ಬ್ಯಾಗ ಹೇಳ್ರಿ, ಕಾಲು ನೋಯ್ತದ!”

ಹಿಂದಿನಿಂದ ಬಂದ ಹುಡುಗ ರ ಮನೆಯಲ್ಲಿ ನಿಂತು ಮ ಎಂದ. “ಹಿಂದಕ್ಕ ಹೋಗೋ!” ಎಂದು ಎಲ್ಲರಿಗಿಂತ ಮೊದಲು ದ್ಯಾಮಿಯೇ ಕೂಗಿದಳು. “ಪಾಪ ಬರ್ತದ ನಿನಗ!”

ಆಟ ಕಷ್ಟವಾಯಿತು. ಕಷ್ಟವಾದದ್ದಕ್ಕೇ ರುಚಿ ಹತ್ತಿತು. ಬೆಲ್ಲವಿಲ್ಲದೆ, ಕರೆಯದೆ, ಮಕ್ಕಳು ಸೂರ್ಯನಿಗಿಂತ ಮುಂಚೆ ಮರಳಿನ ಮೇಲೆ ಹಾಜರು.

ಆಮೇಲೆ ಅವರೇ ಆಟವನ್ನು ಬೆಳೆಸಿದರು. ಹೊರಗೆ ನಿಂತವರು “ಮರ!” ಎಂದು ಕೂಗಿದರೆ ಮ ಮನೆಯಿಂದ ರ ಮನೆಗೆ ಹಾರಬೇಕು. “ದನ!” ಎಂದರೆ ದ ಮನೆಗೆ ಹಾರಿ, ನ ಮನೆಯಲ್ಲಿ ನಿಂತು ಅಂಬಾ ಎನ್ನಬೇಕು. “ದಡ” ಎಂದರೆ ಕೊನೆಗೆ ನೀರಿಗೆ ಧುಮುಕಬೇಕು. ಈ ಕೊನೆಯದನ್ನೇ ಹೆಚ್ಚು ಸಲ ಕೂಗುತ್ತಿದ್ದರು.

ಹಾರುವುದು ಹೇಗೆಂದು ಒಮ್ಮೆ ವಿರೂಪಾಕ್ಷನೇ ತೋರಿಸಬೇಕಾಯಿತು. ಇನ್ನೊಮ್ಮೆಯೂ ತೋರಿಸಿದ. ಮೂರನೆಯ ಸಲ ಯಾರೂ ಕೇಳಿರಲಿಲ್ಲ.

“ಏನಪ್ಪ, ಪಾಪ ಕಡಿಮೆಯಾಯಿತೇ?” ಎಂದು ಬಂಡೆಯ ಮೇಲಿಂದ ಗುರುಗಳು ಕೇಳಿದರು.

“ಎಲ್ಲಿ ಗುರುಗಳೇ! ಇನ್ನಷ್ಟು ಮನೆ ಬರೆಯಿರಿ ಅಂತ ಜೀವ ತಿನ್ನುತ್ತಿವೆ” ಎಂದು ವಿರೂಪಾಕ್ಷ ಪಂಚೆಯ ಮರಳು ಕೊಡವಿದ.

*

ಯುಗಾದಿಗೆ ಒಂದು ದಿನ ಉಳಿದಿತ್ತು. ವಿರೂಪಾಕ್ಷ ಬೇವಿನ ಮರದ ಕೆಳಗೆ ಒಬ್ಬನೇ ಕೂತಿದ್ದ. ಆಚೆ ದಡದಲ್ಲಿ ಹೊಸ ಚಪ್ಪರಕ್ಕೆ ಮಾವಿನ ತೋರಣ ಕಟ್ಟುತ್ತಿದ್ದುದು ಕಾಣುತ್ತಿತ್ತು. ಮಕ್ಕಳು ಆಡಿದ್ದೇನೋ ಹೌದು. ಆದರೆ ಆ ಹುಡುಗಿ ಬಂದು ಕೇಳಲಿಲ್ಲ. ಅವನು ಹೇಳಿದ್ದು, ಅವಳು ಹಾರಿದ್ದು, ಅಷ್ಟೇ. ನಾಳೆ ಆ ತೋರಣದ ಕೆಳಗೆ ಬೇರೆ ಯಾರೋ ಕೂರುತ್ತಾರೆ.

ದಡದ ಕಡೆಯಿಂದ ಜಗಳದ ಸದ್ದು. ಆಮೇಲೆ ಓಡಿಬರುವ ಹೆಜ್ಜೆ.

ದ್ಯಾಮಿ. ಕಣ್ಣು ಕೆಂಪಾಗಿತ್ತು, ಮುಷ್ಟಿಯಲ್ಲಿ ಬಿಲ್ಲೆ.

“ಅಯ್ಯಾರ, ಅವರು ನನ್ನ ಆಟಕ್ಕ ಸೇರಿಸ್ವಲ್ರು!”

“ಯಾಕಮ್ಮ?”

“ನಿನಗ ಎಲ್ಲಾ ಮನಿ ಹೆಸರು ಬರ್ತದ, ದಿನಾ ನೀನ ಗೆಲ್ತಿ, ಹೋಗು ಅಂತಾರ.” ಅವಳು ಮೂಗು ಒರೆಸಿಕೊಂಡಳು. “ಅವರ್ಯಾರಿಗೂ ಗೊತ್ತಿಲ್ಲದ್ದು ಒಂದು ಕೊಡ್ರಿ. ಅದರ ಹೆಸರು ಕೇಳಾಕ ಅವರೇ ನನ್ನ ಕರೀಬೇಕು.”

“ಏನು ಕೊಡಲಿ?”

“ಅಕ್ಷರ್ರಿ! ಮತ್ತೇನು, ಬೆಲ್ಲಾನ?”

ವಿರೂಪಾಕ್ಷ ಅವಳನ್ನೇ ನೋಡಿದ. ಮರಳಿನ ಮೇಲೆ ಠ ಬರೆದ.

ದ್ಯಾಮಿ ತಲೆ ಓರೆ ಮಾಡಿ ನೋಡಿದಳು. “ಹೊಟ್ಟ್ಯಾಗ ಚುಕ್ಕಿ ಐತ್ರಿ! ಗೋಲಿ ನುಂಗೈತಿ!”

“ಅದರ ಹೆಸರು ಠ.”

“ಠ.” ನಕ್ಕಳು. “ಠ, ಠ, ಠ. ಯಾರಿಗೂ ಹೇಳಬ್ಯಾಡ್ರಿ ಮತ್ತ!”

ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ದಡದ ಕಡೆ ಓಡಿದಳು. ಅವಳ ತುಟಿ ಆ ಒಂದೇ ಅಕ್ಷರವನ್ನು ಜಪಿಸುತ್ತಿತ್ತು.

ವಿರೂಪಾಕ್ಷ ತಿರುಗಿದ. ಗುಡಿಸಲ ಬಾಗಿಲಲ್ಲಿ ಹಾಲಯ್ಯ ನಿಂತಿದ್ದರು.

“ಗಂಟು ಕಟ್ಟು” ಎಂದರು.

*

ಯುಗಾದಿಯ ಬೆಳಿಗ್ಗೆ, ಬೇವು ಬೆಲ್ಲ ತಿಂದು, ಇಬ್ಬರೂ ನೀರಿನ ಅಂಚಿಗೆ ಬಂದರು.

“ಏನೇನು ತಗೊಂಡೆ?”

“ಓಲೆಗಳು. ಜಪಸರ. ಒಂದು ಜೊತೆ ಪಂಚೆ.”

“ಬಿಲ್ಲೆ?”

“ಹೆಂಚು ಎಲ್ಲ ಊರಲ್ಲೂ ಒಡೆಯುತ್ತದೆ ಗುರುಗಳೇ.”

ಹಾಲಯ್ಯ ತಲೆಯಾಡಿಸಿದರು.

ದ್ಯಾಮಿಯ ಅಪ್ಪ ಅಂಬಿಗರ ಯಂಕಪ್ಪ ಹರಿಗೋಲು ಹಿಡಿದು ಕಾಯುತ್ತಿದ್ದ. ಅದರ ತಳದಲ್ಲಿ ಇದ್ದಿಲಿನಿಂದ ದೊಡ್ಡದಾಗಿ ಒಂದು ಅಕ್ಷರ ಗೀಚಿತ್ತು.

“ನೋಡ್ರಿ ಅಯ್ಯಾರ, ನನ್ನ ಮಗಳ ಕೆಲಸ” ಎಂದ ಅವನು. “ಅಜ್ಜನ ಕಾಲದಿಂದ ಹರಿಗೋಲು ನಮ್ಮದು. ಈಗ ಕ್ಷಮಾ ಕೇಳದ ಕಾಲಿಡಾಂಗಿಲ್ಲ ನಾನು.”

“ಕೇಳಿದೆಯಾ?” ಎಂದ ವಿರೂಪಾಕ್ಷ.

“ಬಿಡ್ತಾಳೇನ್ರಿ ಆಕಿ? ಇಷ್ಟು ವಯಸ್ಸಿಗೆ ‘ಯ, ತಪ್ಪಾತು’ ಅಂತ ಕೈಮುಗಿದೇನಿ. ನನ್ನ ಹೆಸರಿನ ಮೊದಲಿಂದು ಅಂತ ಅದು.” ಬೈದಂತೆ ಹೇಳಿದರೂ ಅವನ ಕಣ್ಣು ಆ ಅಕ್ಷರದ ಮೇಲೇ ಇತ್ತು.

ವಿರೂಪಾಕ್ಷ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟ. ಹರಿಗೋಲು ಮರಳು ಬಿಟ್ಟು ಒಮ್ಮೆ ಸುತ್ತು ಹಾಕಿತು. ಆಗ ಅವನಿಗೆ ಆಚೆ ದಡದ ಹಿರಿಯರ ಮುಖಗಳು ನೆನಪಾದವು.

“ಗುರುಗಳೇ!” ಎಂದು ನೀರಿನ ಮೇಲಿಂದ ಕೂಗಿದ. “ಆ ಊರಿನವರು ನೋಡಿ, ಮಕ್ಕಳ ಕೈಲಿ ಅಕ್ಷರ ತುಳಿಸುತ್ತೀಯಾ ಅಂತ ಬೈದರೆ?”

ಹಾಲಯ್ಯ ದಡದಿಂದಲೇ ಕೈಯೆತ್ತಿದರು.

“ಬೈಯಲಿ ಬಿಡು. ಮಕ್ಕಳು ಯಾವ ಅಕ್ಷರ ತುಳಿದರು ಅಂತ ಮಾತ್ರ ಅವರನ್ನೇ ಕೇಳು.”