ಎತ್ತು ಬಿಚ್ಚಬೇಡಿ

"ಗುರುಗಳೇ, ಬಾಗಿಲಿಗೆ ಬಂದ ಗಾಯಾಳುವನ್ನು ಇಳಿಸಿಕೊಳ್ಳದೆ ಪಟ್ಟಣಕ್ಕೆ ಅಟ್ಟಿದಿರಲ್ಲ, ಇದು ಯಾವ ಧರ್ಮ?" ಎಂದು ಶಿಷ್ಯ ಸಿದ್ಧಲಿಂಗ ಕೇಳಿದ. ಅವನ ಕೈಯಲ್ಲಿ ಆಗಷ್ಟೇ ಅರೆದ ಲೇಪದ ಬಟ್ಟಲಿತ್ತು. ಬಾವಿ ತೋಡುವಾಗ ಮಣ್ಣು ಕುಸಿದು ಜಜ್ಜಿಹೋಗಿದ್ದ ಆಳನ್ನು ಊರವರು ಗಾಡಿಯಲ್ಲಿ ತಂದಿದ್ದರು. ಗುರುಗಳು ಗಾಡಿಯ ಮೇಲೆಯೇ ಗಾಯ ಬಿಗಿದು ಕಟ್ಟಿ, ಎರಡು ಮಾತಿಲ್ಲದೆ ಮುಂದಕ್ಕೆ ಹೊರಡಿಸಿದ್ದರು. ಕಲಿತ ವಿದ್ಯೆ ಬಟ್ಟಲಲ್ಲೇ ಉಳಿಯಿತಲ್ಲ ಎಂದು ಸಿದ್ಧಲಿಂಗನಿಗೆ ಸಿಟ್ಟು ಬಂದಿತ್ತು.

"ಕೂತುಕೋ. ಗಾಡಿ ಹೋಯಿತು, ಇನ್ನು ಕತೆಗೆ ಹೊತ್ತಿದೆ" ಎಂದು ಗುರುಗಳು ಶುರುಮಾಡಿದರು.

ಒಂದು ದಾರಿಯಲ್ಲಿ ಮೂರು ಊರು, ಊರಿಗೊಬ್ಬ ವೈದ್ಯ. ದಾರಿಯ ಕೊನೆಗೆ ಪಟ್ಟಣ. ಅಲ್ಲಿ ಕೊಯ್ದು ಹೊಲಿಯಬಲ್ಲ ಶಸ್ತ್ರವೈದ್ಯ. ಮೊದಲ ಊರಿನ ವೈದ್ಯನಿಗೆ ತನ್ನ ಕೈಗುಣದ ಮೇಲೆ ಬಹಳ ನಂಬಿಕೆ. ನಂಬಿಕೆ ಏನು ಬಂತು, ಜಂಬ ಅನ್ನು. ಅವನ ಹತ್ತಿರ ಒಂದು ಲೇಪವಿತ್ತು. ಅದನ್ನು ಅರೆಯುವ ಬಗೆ ಅವನೊಬ್ಬನಿಗೇ ಗೊತ್ತು.

ಒಂದು ಬೆಳಿಗ್ಗೆ ಕಲ್ಲುಕುಟಿಗನೊಬ್ಬನ ಮೇಲೆ ಬಂಡೆ ಉರುಳಿತು. ಹೆಂಡತಿ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಮನೆಗೆ ಬಂದ ಗಾಡಿಯ ಎತ್ತು ಬಿಚ್ಚದಿದ್ದರೆ ಅದೆಂಥ ಮರ್ಯಾದೆ? ವೈದ್ಯ ಎತ್ತು ಬಿಚ್ಚಿಸಿದ, ನೀರು ಕುಡಿಸಿದ, ಲೇಪ ಅರೆದು ಹಚ್ಚಿದ. ಹೊರಗಿನ ರಕ್ತ ನಿಂತಿತು, ಒಳಗಿನದು ನಿಲ್ಲಲಿಲ್ಲ. ತುಟಿ ಬಿಳಿಚಿಕೊಂಡ ಮೇಲೆ "ಮುಂದಿನ ಊರಿಗೆ ಕರೆದುಕೊಂಡು ಹೋಗಿ" ಎಂದ. ಅಲ್ಲಿಯೂ ಎತ್ತು ಬಿಚ್ಚಿ ಕಷಾಯ ಕುಡಿಸಿದರು. ಮೂರನೆಯ ಊರಲ್ಲಿಯೂ ಬಿಚ್ಚಿ, ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಒಬ್ಬನೂ ತಪ್ಪು ಮದ್ದು ಕೊಡಲಿಲ್ಲ. ಪಟ್ಟಣ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು, ಕಲ್ಲುಕುಟಿಗನ ಮೈ ತಣ್ಣಗಾಗಿತ್ತು. "ಮಧ್ಯಾಹ್ನದೊಳಗೆ ಬಂದಿದ್ದರೆ ಉಳಿಸುತ್ತಿದ್ದೆನಮ್ಮಾ" ಎಂದ ಶಸ್ತ್ರವೈದ್ಯ.

ತಿಥಿ ಕಳೆದ ಮೇಲೆ ಆ ಹೆಂಗಸು ಮೊದಲ ವೈದ್ಯನ ಮನೆಗೆ ಬಂದಳು. "ಮೂವರೂ ಕೈಲಾದದ್ದು ಮಾಡಿದಿರಿ, ಯಾರ ತಪ್ಪೂ ಇಲ್ಲ. ಅಪ್ಪ ಯಾಕೆ ಸತ್ತ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ, ವೈದ್ಯರೇ?" ಎಂದಳು.

ಅಯ್ಯೋ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಮರುದಿನವೇ ವೈದ್ಯ ಜಂಬ ಬಿಟ್ಟು ಉಳಿದಿಬ್ಬರ ಮನೆ ಬಾಗಿಲಿಗೆ ನಡೆದ. ಮೂವರೂ ಕೂತು ಒಂದು ಕಟ್ಟುಪಾಡು ಮಾಡಿಕೊಂಡರು. ಬೆರಳು ಕೊಯ್ದುಕೊಂಡವನು ಇಲ್ಲೇ ಇರಲಿ, ಬಂಡೆ ಬಿದ್ದವನು ನೇರ ಪಟ್ಟಣಕ್ಕೆ ಹೋಗಲಿ. ರಕ್ತ ಸುರಿಯುವ ಗಾಯವನ್ನು ಗಾಡಿಯ ಮೇಲೆಯೇ ಕಟ್ಟಬೇಕು. ಎತ್ತು ಬಿಚ್ಚುವುದಾದರೆ ಹೊಸ ಜೋಡಿ ಹೂಡುವುದಕ್ಕೆ ಮಾತ್ರ. ಕುದುರೆಯವನೊಬ್ಬ ಮುಂದಾಗಿ ಓಡಿ ಶಸ್ತ್ರವೈದ್ಯನಿಗೆ ಸುದ್ದಿ ಮುಟ್ಟಿಸಬೇಕು. ಆಮೇಲೆ ಆ ದಾರಿಯಲ್ಲಿ ಎಷ್ಟೋ ಜನ ಬದುಕಿದರು. ಬದುಕಿದವರೆಲ್ಲ ಹೊಗಳಿದ್ದು ಪಟ್ಟಣದವನನ್ನೇ ಅನ್ನು.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧಲಿಂಗನ ಸಿಟ್ಟು ಇಳಿದಿರಲಿಲ್ಲ.

"ಆ ವೈದ್ಯನ ಲೇಪದಲ್ಲಿ ಸತ್ವವಿರಲಿಲ್ಲ, ಗುರುಗಳೇ. ನಮ್ಮದಾಗಿದ್ದರೆ ಕಲ್ಲುಕುಟಿಗ ಉಳಿಯುತ್ತಿದ್ದ" ಎಂದ.

ಗುರುಗಳು ಅವನ ಬಟ್ಟಲನ್ನು ನೋಡಿದರು.

"ನಿನ್ನ ಕೈಯಲ್ಲಿರುವುದು ಅದೇ ಲೇಪ ಕಣಪ್ಪ, ಅವತ್ತು ಅರೆದವನು ನಾನು."